ನಾಳೆಯಿಂದ ಇವನನ್ನು ನೋಡಿಕೊಳ್ಳುವವರು ಯಾರು? ಹದಿಹರೆಯದ ಮಗ ಕೇಸಿನಲ್ಲಿ ಸಿಕ್ಕಾಗ

ಮಗ ಠಾಣೆಯಲ್ಲಿದ್ದಾನೆ ಅಂತ ಫೋನ್ ಬಂದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಎರಡು ಮಾತು ಒಟ್ಟಿಗೇ ಏಳುತ್ತವೆ. ಒಬ್ಬರು ಪಂಚಾಯತ್ ಮೆಂಬರಿಗೆ, ಪಾರ್ಟಿಯವರಿಗೆ ಫೋನ್ ಹಚ್ಚಿ ‘ಹೇಗಾದರೂ ಬಿಡಿಸಿ’ ಅನ್ನುತ್ತಾರೆ. ಇನ್ನೊಬ್ಬರು, ಹೆಚ್ಚಾಗಿ ಅಪ್ಪ, ‘ಎರಡು ದಿನ ಒಳಗೇ ಇರಲಿ, ಬುದ್ಧಿ ಬರಲಿ’ ಅನ್ನುತ್ತಾರೆ. ಒಂದು ಹೆದರಿಕೆಯ ಮಾತು, ಇನ್ನೊಂದು ಸಿಟ್ಟಿನ ಮಾತು. ಎರಡೂ ಸಹಜವೇ. ಆದರೆ ಎರಡರಿಂದಲೂ ಮಗನ ಕೇಸಿಗೆ ದೊಡ್ಡ ಉಪಯೋಗ ಇಲ್ಲ.

ಹದಿನೆಂಟು ತುಂಬದವರ ವಿಷಯದಲ್ಲಿ ಕಾನೂನು ಸುತ್ತಿ ಬಳಸಿ ಒಂದೇ ಪ್ರಶ್ನೆ ಕೇಳುತ್ತದೆ. ನಾಳೆಯಿಂದ ಇವನನ್ನು ನೋಡಿಕೊಳ್ಳುವವರು ಯಾರು? ಜಾಮೀನು ಕೊಡುವಾಗ, ಮನೆಯ ಬಗ್ಗೆ ವರದಿ ಬರೆಯುವಾಗ, ಕೊನೆಗೆ ಆದೇಶ ಮಾಡುವಾಗ ಈ ಪ್ರಶ್ನೆಯೇ ಬರುತ್ತದೆ. ಇದಕ್ಕೆ ಉತ್ತರ ಕೊಡಬೇಕಾದವರು ವಕೀಲರಲ್ಲ, ಅಪ್ಪ ಅಮ್ಮ. (ಹೆಣ್ಣುಮಕ್ಕಳೂ ಇಂಥ ಕೇಸುಗಳಲ್ಲಿ ಸಿಕ್ಕುತ್ತಾರೆ. ನಿಯಮ ಅವರಿಗೂ ಇದೇ. ಹೇಳಲು ಸುಲಭ ಅಂತ ‘ಮಗ’ ಎಂದೇ ಬರೆಯುತ್ತಿದ್ದೇನೆ.)

ಮೊದಲ 24 ಗಂಟೆ

ಇಲ್ಲಿ ನಡೆಯುವುದು 2015ರ ಬಾಲ ನ್ಯಾಯ ಕಾಯ್ದೆ. ಅಪರಾಧ ನಡೆದ ದಿನ ಹುಡುಗನಿಗೆ ಹದಿನೆಂಟು ತುಂಬಿರಲಿಲ್ಲವೇ ಅನ್ನುವುದೇ ಮುಖ್ಯ. ಸಿಕ್ಕಿಬಿದ್ದ ದಿನ ಲೆಕ್ಕಕ್ಕಿಲ್ಲ. ಹದಿನೇಳರಲ್ಲಿ ಮಾಡಿದ್ದಕ್ಕೆ ಹದಿನೆಂಟೂವರೆಯಲ್ಲಿ ಸಿಕ್ಕಿದರೂ ಅವನು ಈ ಕಾಯ್ದೆಯ ಲೆಕ್ಕದಲ್ಲಿ ಬಾಲಕನೇ. ವಯಸ್ಸಿಗೆ ಮೊದಲ ಆಧಾರ ಶಾಲೆಯ ಸರ್ಟಿಫಿಕೇಟ್ ಅಥವಾ ಎಸ್ಸೆಸ್ಸೆಲ್ಸಿ ಪುಸ್ತಕ. ಅದಿಲ್ಲದಿದ್ದರೆ ಪಂಚಾಯತ್ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ವೈದ್ಯಕೀಯ ಪರೀಕ್ಷೆ. ಹಾಗಾಗಿ ಠಾಣೆಗೆ ಓಡುವಾಗ ಬೇರೇನು ಮರೆತರೂ ಎಸ್ಸೆಸ್ಸೆಲ್ಸಿ ಪುಸ್ತಕ ಮರೆಯಬೇಡಿ.

ಇವನನ್ನು ಲಾಕಪ್ಪಿಗೆ ಹಾಕುವ ಹಾಗಿಲ್ಲ, ಜೈಲಿಗೂ ಕಳಿಸುವ ಹಾಗಿಲ್ಲ. ಕೈಕೋಳ ಹಾಕುವ ಹಾಗಿಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣಕ್ಕೆ ಅಂತ ಗೊತ್ತುಮಾಡಿದ ಒಬ್ಬ ಪೊಲೀಸ್ ಅಧಿಕಾರಿ ಇರಬೇಕು. ಅವರು ಮಗುವಿನ ಜೊತೆ ಮಾತಾಡುವಾಗ ಯೂನಿಫಾರ್ಮ್ ಹಾಕಿರಬಾರದು. ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳಬಾರದು ಅಂತ 2016ರ ಕೇಂದ್ರ ನಿಯಮಗಳಲ್ಲಿ ಇದೆ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರು ಮಾಡಬೇಕು. ಭಾನುವಾರ, ರಜೆ ಅನ್ನುವ ನೆಪ ಇಲ್ಲ. ಮಂಡಳಿ ಕೂರದ ದಿನ ಅದರ ಒಬ್ಬ ಸದಸ್ಯರ ಮುಂದೆ ಹಾಜರು ಮಾಡಬಹುದು. ಮಂಡಳಿ ಅಂದರೆ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು.

ಎಲ್ಲ ಅಪರಾಧಗಳೂ ಒಂದೇ ತೂಕದವಲ್ಲ. ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ ಇರುವುದು ಸಣ್ಣ ಅಪರಾಧ. ಮೊಬೈಲ್ ಕದ್ದದ್ದು, ಪ್ಲಸ್ ಟು ಹುಡುಗರ ಸಾದಾ ಹೊಡೆದಾಟ ಇಂಥವು ಅದರಲ್ಲಿ ಬರುತ್ತವೆ. ಕಡಿಮೆ ಎಂದರೂ ಏಳು ವರ್ಷ ಶಿಕ್ಷೆ ಇರುವುದು ಘೋರ ಅಪರಾಧ. ನಡುವಿನವು ಗಂಭೀರ ಅಪರಾಧ. ಸಣ್ಣ ಮತ್ತು ಗಂಭೀರ ಅಪರಾಧಗಳಲ್ಲಿ ದೊಡ್ಡವರು ಜೊತೆಗಿರದಿದ್ದರೆ ಎಫ್‌ಐಆರ್ ಹಾಕುವುದಿಲ್ಲ. ಡೈರಿಯಲ್ಲಿ ಬರೆದು, ಹುಡುಗನ ಹಿನ್ನೆಲೆಯ ವರದಿ ಸೇರಿಸಿ ಮಂಡಳಿಗೆ ಕಳಿಸುತ್ತಾರೆ. ಹದಿನಾರು ದಾಟಿದವರ ಮೇಲೆ ಘೋರ ಅಪರಾಧದ ಕೇಸು ಇದ್ದರೆ ಮಾತ್ರ ದೊಡ್ಡವರಂತೆ ವಿಚಾರಣೆ ಮಾಡಬೇಕೋ ಬೇಡವೋ ಅಂತ ಮಂಡಳಿ ಮೊದಲು ತೂಗಿ ನೋಡುತ್ತದೆ. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಕೇಸುಗಳು ಇಲ್ಲಿಗೆ ಬರುವುದೇ ಹೆಚ್ಚು. ಹದಿನೇಳರ ಹುಡುಗ, ಹದಿನಾರರ ಹುಡುಗಿ, ‘ಪ್ರೀತಿ’ ಅಂತ ಇಬ್ಬರೂ ಹೇಳಿದರೂ ಕಾನೂನು ಆ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಎಷ್ಟೋ ಮನೆಗಳಿಗೆ ಗೊತ್ತಾಗುವುದು ಕೇಸಾದ ಮೇಲೆಯೇ.

ಜಾಮೀನಿನ ವಿಷಯದಲ್ಲಿ ಕಾಯ್ದೆ ಮಗುವಿನ ಪರವಾಗಿದೆ. ಬಿಡುವುದೇ ನಿಯಮ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಆಗುತ್ತದೆ, ಅಥವಾ ನ್ಯಾಯ ನಡೆಯುವುದಕ್ಕೇ ಅಡ್ಡಿಯಾಗುತ್ತದೆ ಅನ್ನಿಸಿದರೆ ಮಾತ್ರ ನಿಲ್ಲಿಸಿಕೊಂಡು, ವಿಚಾರಣೆ ನಡೆಯುವಾಗ ಮಕ್ಕಳನ್ನು ಇರಿಸುವ ವೀಕ್ಷಣಾಲಯಕ್ಕೆ ಕಳಿಸುತ್ತಾರೆ. ಅಂದರೆ ಅಪರಾಧಕ್ಕಿಂತ ಮನೆಯ ಕಡೆಗೇ ಹೆಚ್ಚು ನೋಡುತ್ತಾರೆ. ‘ಎರಡು ದಿನ ಒಳಗಿರಲಿ’ ಅಂತ ಅಪ್ಪ ಬರದೇ ಕೂತರೆ, ಈ ಮಗುವನ್ನು ಕೇಳುವವರು ಯಾರೂ ಇಲ್ಲ ಅನ್ನುವ ಚಿತ್ರ ಮಂಡಳಿಯ ಮುಂದೆ ತಾನಾಗಿಯೇ ನಿಲ್ಲುತ್ತದೆ.

ಪ್ರೊಬೇಷನ್ ಆಫೀಸರ್ ಮನೆಗೆ ಬಂದಾಗ

ಹುಡುಗ ಸಿಕ್ಕ ಮೇಲೆ ಎರಡು ವಾರದೊಳಗೆ ಪ್ರೊಬೇಷನ್ ಆಫೀಸರ್ ಅಥವಾ ಮಕ್ಕಳ ಕಲ್ಯಾಣ ಅಧಿಕಾರಿ ಅವನ ಬಗ್ಗೆ ಸಾಮಾಜಿಕ ವರದಿ ಬರೆದು ಮಂಡಳಿಗೆ ಕೊಡಬೇಕು. ಇಡೀ ಕೇಸಿನಲ್ಲಿ ಮನೆಯವರು ಅತಿ ಹಗುರವಾಗಿ ತಗೊಳ್ಳುವುದು ಇದನ್ನೇ. ನನ್ನ ಪ್ರಕಾರ ಇದರಷ್ಟು ಭಾರದ ಕಾಗದ ಇನ್ನೊಂದಿಲ್ಲ.

ಅಧಿಕಾರಿ ಬರುತ್ತಾರೆ ಅಂದಕೂಡಲೇ ನಾವು ಏನು ಮಾಡುತ್ತೇವೆ? ಮನೆ ಗುಡಿಸಿ, ಚಾ ಇಟ್ಟು, ‘ನಮ್ಮ ಹುಡುಗ ಚಿನ್ನದಂಥವ, ಸಹವಾಸ ಕೆಟ್ಟು ಹೀಗಾಯಿತು, ಇನ್ನು ಮೇಲೆ ಚೆನ್ನಾಗಿ ನೋಡಿಕೊಳ್ಳುತ್ತೇವೆ’ ಅನ್ನುತ್ತೇವೆ. ಇದರಲ್ಲಿ ಅವರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಬದಲಿಗೆ ಹೀಗೆ ಹೇಳಿ ನೋಡಿ: ‘ಹೋದ ಓಣಂ ರಜೆಯ ನಂತರ ಶಾಲೆ ತಪ್ಪಿಸಲು ಶುರುಮಾಡಿದ. ಇವರು ದುಬೈಯಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ರಾತ್ರಿ ಹನ್ನೊಂದಾದರೂ ಬರುತ್ತಿರಲಿಲ್ಲ, ನನ್ನಿಂದ ತಡೆಯಲಾಗಲಿಲ್ಲ. ಇನ್ನು ನನ್ನ ಅಣ್ಣ ಬೆಳಿಗ್ಗೆ ಇವನನ್ನು ಶಾಲೆಗೆ ಬಿಟ್ಟು ಹೋಗುತ್ತಾರೆ. ಹಾಜರಿ ಇಲ್ಲದ ದಿನ ಫೋನ್ ಮಾಡಿ ಅಂತ ಕ್ಲಾಸ್ ಟೀಚರಿಗೆ ಹೇಳಿದ್ದೇವೆ. ವಾರಕ್ಕೊಮ್ಮೆ ಕೌನ್ಸೆಲಿಂಗ್‌ಗೆ ಕರಕೊಂಡು ಹೋಗಲು ಶುರುಮಾಡಿದ್ದೇವೆ.’ ಇದರಲ್ಲಿ ಮಾನ ಕಾಪಾಡುವ ಮಾತು ಒಂದೂ ಇಲ್ಲ, ಅಲ್ವಾ? ಆದರೆ ನಾಳೆಯಿಂದ ಯಾರು ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ಹೆಸರು, ಹೊತ್ತು, ಜಾಗ ಎಲ್ಲ ಇದೆ.

ಮಂಡಳಿ ಕೊಡಬಹುದಾದ ಆದೇಶಗಳೂ ಇದನ್ನೇ ನಂಬಿಕೊಂಡಿವೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಕೌನ್ಸೆಲಿಂಗ್‌ಗೆ ಹಾಕಬಹುದು, ಸಮುದಾಯ ಸೇವೆ ಮಾಡಿಸಬಹುದು, ದಂಡ ಕಟ್ಟಿಸಬಹುದು. ಒಳ್ಳೆಯ ನಡತೆಯ ಷರತ್ತಿನ ಮೇಲೆ ಮೂರು ವರ್ಷದವರೆಗೆ ಅಪ್ಪ ಅಮ್ಮನ ಸುಪರ್ದಿಗೇ ಬಿಡಬಹುದು. ಜೊತೆಗೆ ಶಾಲೆಗೆ ಹೋಗಲೇಬೇಕು, ಮಾದಕ ಬಿಡಿಸುವ ಚಿಕಿತ್ಸೆಗೆ ಹೋಗಲೇಬೇಕು ಅಂತ ಸೇರಿಸಬಹುದು. ತಪ್ಪು ಸಾಬೀತಾದ ಮಕ್ಕಳನ್ನು ಇರಿಸುವ ವಿಶೇಷ ಗೃಹಕ್ಕೆ ಕಳಿಸುವುದು ಹೆಚ್ಚೆಂದರೆ ಮೂರು ವರ್ಷ.

ಕನ್ನಡದವರಿಗೆ ಇನ್ನೊಂದು ತೊಡಕು

ಗಡಿಯ ಈಚೆ ಬದುಕುವ ನಮಗೆ ಇನ್ನೊಂದು ಕಷ್ಟ ಇದೆ. ಠಾಣೆಯ ಕಾಗದ ಮಲಯಾಳದಲ್ಲಿ, ಕೋರ್ಟಿನ ಕಾಗದ ಇಂಗ್ಲಿಷಿನಲ್ಲಿ. ಮಾತಾಡುವ ಮಲಯಾಳ ಅರ್ಥವಾದರೂ ಓದಲು ಬಾರದ ತಾಯಂದಿರು ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಬೇಕಾದಷ್ಟು ಜನ ಇದ್ದಾರೆ. ತೋರಿಸಿದಲ್ಲಿ ಸಹಿ ಹಾಕಿ ಬರುತ್ತಾರೆ.

ಹಾಗೆ ಮಾಡಬೇಕಾಗಿಲ್ಲ. ಮಗು ಮತ್ತು ಅಪ್ಪ ಅಮ್ಮ ನಡೆಯುವುದನ್ನೆಲ್ಲ ತಿಳಿದು ಭಾಗವಹಿಸುವಂತೆ ನೋಡಿಕೊಳ್ಳುವುದು ಮಂಡಳಿಯ ಕೆಲಸ. ಅಲ್ಲಿನ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ದುಭಾಷಿಯನ್ನು ಕೊಡಬೇಕು ಅಂತ ಬಾಲ ನ್ಯಾಯ ಕಾಯ್ದೆಯಲ್ಲೇ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಸಾರಿದ ಕಡೆಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ನಡೆಯುವುದು ಎಷ್ಟರ ಮಟ್ಟಿಗೆ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಮೊದಲ ದಿನವೇ ಒಂದು ಬಿಳಿ ಹಾಳೆಯಲ್ಲಿ ‘ನಮಗೆ ಕನ್ನಡದಲ್ಲಿ ವಿವರಿಸಬೇಕು, ದುಭಾಷಿ ಬೇಕು’ ಅಂತ ಬರೆದು ಕೊಡಿ. ಕೊಟ್ಟದ್ದಕ್ಕೆ ರಶೀದಿ ತಗೊಳ್ಳಿ. ಮುಂದೆ ‘ನಿಮಗೆ ಎಲ್ಲ ಹೇಳಿದ್ದೆವು’ ಅನ್ನುವ ಮಾತು ಬಂದರೆ ಆ ಹಾಳೆ ಬೇಕಾಗುತ್ತದೆ.

ವಕೀಲರಿಗೆ ದುಡ್ಡಿಲ್ಲ ಅಂತ ಚಿನ್ನ ಅಡವಿಡುವ ಮೊದಲು ಇದು ತಿಳಿದಿರಲಿ: ಆದಾಯ ಎಷ್ಟೇ ಇದ್ದರೂ ಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರು ಮತ್ತು ಮಕ್ಕಳಿಗೆ ಆದಾಯದ ಮಿತಿ ಇಲ್ಲ. ಜಿಲ್ಲಾ ಪ್ರಾಧಿಕಾರದ ಕಚೇರಿ ವಿದ್ಯಾನಗರದ ಕೋರ್ಟ್ ಸಂಕೀರ್ಣದಲ್ಲಿದೆ. ಕಾನೂನು ನೆರವಿನ ಸಹಾಯವಾಣಿ 15100. ಕನ್ನಡ ಬಲ್ಲ ವಕೀಲರು ಬೇಕು ಅಂತ ಅಲ್ಲೇ ಕೇಳಿ.

ತಲಪಾಡಿ ದಾಟಿ ಮಂಗಳೂರಿಗೆ ಕಲಿಯಲು ಹೋಗುವ ಮಕ್ಕಳು ಅಲ್ಲೇ ಸಿಕ್ಕಿಬಿದ್ದರೆ ಕೇಸು ದಕ್ಷಿಣ ಕನ್ನಡದ ಮಂಡಳಿಯ ಮುಂದೆ ನಡೆಯುತ್ತದೆ. ವಿಚಾರಣೆ ಮುಗಿದು ಕೊನೆಯ ಆದೇಶ ಆದ ಮೇಲೆಯೇ ಊರಿನ ಜಿಲ್ಲೆಗೆ ವರ್ಗ ಮಾಡಲು ಬರುತ್ತದೆ. ಭಾಷೆಯ ತೊಡಕಾದರೂ ಅಲ್ಲಿ ಕಡಿಮೆ.

ಸ್ಕೂಟರ್, ಪುಡಿ, ಬ್ಯಾಂಕ್ ಖಾತೆ

ನಮ್ಮ ಕಡೆ ಮಕ್ಕಳ ಕೇಸು ಶುರುವಾಗುವುದು ಹೆಚ್ಚಾಗಿ ಸ್ಕೂಟರಿನಿಂದ. ಲೈಸೆನ್ಸ್ ಇಲ್ಲದ ಹುಡುಗ ಓಡಿಸಿ ಸಿಕ್ಕರೆ, 2019ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ತಿದ್ದುಪಡಿ ಪ್ರಕಾರ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಂಡ ಗಲ್ಫ್‌ನಲ್ಲಿರುವ ಮನೆಗಳಲ್ಲಿ ಸ್ಕೂಟರ್ ಹೆಂಡತಿಯ ಹೆಸರಿನಲ್ಲಿರುತ್ತದೆ. ಹಾಗಾಗಿ ಕೇಸೂ ಅವಳ ಮೇಲೆಯೇ. ‘ಅಂಗಡಿಗೆ ಹೋಗಿ ಹಾಲು ತರಲಿಕ್ಕೆ ಕೊಟ್ಟದ್ದು’ ಅನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ.

ಮಾದಕದ ವಿಷಯದಲ್ಲಿ ಎರಡು ಸಂಗತಿ ಗೊತ್ತಿರಬೇಕು. ಒಂದು, ಪ್ರಮಾಣ. ಎಂಡಿಎಂಎ ಅನ್ನುವ ರಾಸಾಯನಿಕ ಮಾದಕ ಅರ್ಧ ಗ್ರಾಂವರೆಗೆ ‘ಸಣ್ಣ ಪ್ರಮಾಣ’. ಹತ್ತು ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು ಪುಡಿ ಹದಿನೇಳರ ಹುಡುಗನನ್ನು ಘೋರ ಅಪರಾಧದ ಸಾಲಿಗೆ ಸೇರಿಸುತ್ತದೆ. ‘ಈ ಪೊಟ್ಟಣ ಅವನಿಗೆ ಕೊಟ್ಟು ಬಾ’ ಅಂತ ದೊಡ್ಡವರು ಮಕ್ಕಳನ್ನೇ ಹಿಡಿಯುವುದು ಸುಮ್ನೆ ಅಲ್ಲ. ಮಕ್ಕಳನ್ನು ಹೀಗೆ ಬಳಸುವವರಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಆದ್ದರಿಂದ ಕೊಟ್ಟವರು ಯಾರು ಅನ್ನುವುದನ್ನು ವಕೀಲರ ಮುಂದೆ ಮುಚ್ಚಿಡಬಾರದು.

ಎರಡು, ಚಿಕಿತ್ಸೆ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ತಿ ಮಾಡಿದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ವಿನಾಯಿತಿ ಪಡೆಯಲು ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 64ಎ ಕಲಂ ದಾರಿ ಕೊಡುತ್ತದೆ. ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗುತ್ತದೆ. ಕೇರಳದಲ್ಲಿ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ಸಹಾಯವಾಣಿ 14405. ‘ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗುತ್ತದೆ’ ಅಂತ ಹೆದರಿ ಮನೆಯಲ್ಲೇ ಕೂಡಿಹಾಕುವವರು ಈ ಕಲಂ ಬಗ್ಗೆ ಒಮ್ಮೆ ವಕೀಲರನ್ನು ಕೇಳಲಿ.

ಬ್ಯಾಂಕ್ ಖಾತೆಯದು ಹೊಸ ತಲೆನೋವು. ಹುಡುಗರು ತಮ್ಮ ಎಟಿಎಂ ಕಾರ್ಡನ್ನು, ಸಿಮ್ಮನ್ನು ಯಾರಿಗೋ ‘ಬಾಡಿಗೆಗೆ’ ಕೊಟ್ಟು ಕೆಲವು ಸಾವಿರ ಪಡೆಯುತ್ತಾರೆ. ಎಲ್ಲೋ ದೂರದಲ್ಲಿ ಒಬ್ಬರಿಗೆ ಮೋಸವಾದ ಹಣ ಆ ಖಾತೆಗೆ ಬಂದಿರುತ್ತದೆ. ಮಗನ ಹತ್ತಿರ ಇದ್ದಕ್ಕಿದ್ದಂತೆ ಹೊಸ ಫೋನ್ ಕಂಡರೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಲೇಬೇಕು.

ಮನೆಯೊಳಗೆ

ಕೇಸು ಒಂದು ದಿನ ಮುಗಿಯುತ್ತದೆ. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ಮುಂದೂಡಿದರೆ ಇನ್ನೂ ಎರಡು ತಿಂಗಳಲ್ಲಿ ಮುಗಿಯದಿದ್ದರೆ ಅಲ್ಲಿಗೇ ಕೈಬಿಡಬೇಕು ಅಂತ ಕಾನೂನೇ ಹೇಳುತ್ತದೆ. ಮನೆಯ ಜಗಳಕ್ಕೆ ಅಂಥ ಗಡುವು ಇಲ್ಲ.

ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಇಂಥ ಮಕ್ಕಳ ಮನೆಗಳಲ್ಲಿ ನಡೆಯುವ ಜಗಳಗಳನ್ನೇ ಹತ್ತಿರದಿಂದ ನೋಡಿದರು. ಅವರು ಕಂಡದ್ದು ನಮ್ಮ ಮನೆಗಳಲ್ಲೂ ದಿನಾ ನಡೆಯುತ್ತದೆ. ರಾತ್ರಿ ಒಂಬತ್ತೂವರೆ ಅಂತಿಟ್ಟುಕೊಳ್ಳಿ.

‘ಅಮ್ಮ, ಕೀ ಕೊಡು.’
‘ಈ ಹೊತ್ತಿಗೆ ಎಲ್ಲಿಗೆ? ಬೇಡ.’
‘ಹತ್ತು ನಿಮಿಷದಲ್ಲಿ ಬರ್ತೇನೆ.’
‘ಬೇಡ ಅಂದೆನಲ್ಲ.’
‘ನಿಂಗೆ ಏನೂ ಗೊತ್ತಾಗುದಿಲ್ಲ. ಕೊಡು ಅಂದ್ರೆ ಕೊಡು!’

ಬಾಗಿಲಿಗೆ ಒಂದು ಒದೆ ಬೀಳುತ್ತದೆ. ಒಳಗೆ ಅಜ್ಜಿ ಎದ್ದು ಕೂರುತ್ತಾರೆ. ಪಕ್ಕದ ಮನೆಯ ಲೈಟ್ ಹತ್ತುತ್ತದೆ. ಅಮ್ಮ ಕೀ ತೆಗೆದು ಜಗಲಿಗೆ ಎಸೆಯುತ್ತಾಳೆ. ‘ತಗೋ, ಎಲ್ಲಾದರೂ ಹಾಳಾಗಿ ಹೋಗು.’

ಇಲ್ಲಿ ಮಗ ಕಲಿತದ್ದು, ಮೂರು ಸಲ ಕೇಳಿದರೆ ಸಿಗುವುದಿಲ್ಲ, ಒದ್ದರೆ ಸಿಗುತ್ತದೆ. ಅಮ್ಮ ಕಲಿತದ್ದು, ಕೊಟ್ಟರೆ ಗಲಾಟೆ ನಿಲ್ಲುತ್ತದೆ. ಇಬ್ಬರಿಗೂ ಆ ಕ್ಷಣಕ್ಕೆ ಲಾಭವಾಯಿತು. ಹಾಗಾಗಿ ನಾಳೆಯೂ ಇಬ್ಬರೂ ಇದನ್ನೇ ಮಾಡುತ್ತಾರೆ, ಒದೆ ಸ್ವಲ್ಪ ಜೋರಾಗುತ್ತದೆ ಅಷ್ಟೆ. ಅಪ್ಪನ ಬೊಬ್ಬೆಯದೂ ಇದೇ ಲೆಕ್ಕ. ಒಂದು ಸಲ ಬೊಬ್ಬೆ ಹೊಡೆದಾಗ ಮಗ ಸುಮ್ಮನಾದ. ಬೊಬ್ಬೆಗೆ ಬೆಲೆ ಇದೆ ಅಂತ ಅಪ್ಪನೂ ಕಲಿತ.

ಇದನ್ನು ಬಿಡಿಸುವುದು ಹೇಗೆ? ನಿಯಮ ಮೂರೋ ನಾಲ್ಕೋ ಸಾಕು. ಎಲ್ಲದಕ್ಕೂ ನಿಯಮ ಮಾಡಿದರೆ ಯಾವುದೂ ಉಳಿಯುವುದಿಲ್ಲ. ಕೂದಲು, ಪ್ಯಾಂಟು, ಕಿವಿಯ ಕಡಕು ಬಿಟ್ಟುಬಿಡಿ. ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು, ಶಾಲೆ, ಗಾಡಿ, ಕೈ ಎತ್ತಬಾರದು, ಇಷ್ಟು ಸಾಕು. ಜಗಳದ ನಡುವೆ ನಿಯಮ ಮಾಡಬಾರದು. ಎಲ್ಲರೂ ತಣ್ಣಗಿರುವಾಗ ಹೇಳಬೇಕು. ತಪ್ಪಿದರೆ ಏನಾಗುತ್ತದೆ ಅಂತಲೂ ಆಗಲೇ ಹೇಳಬೇಕು. ಶಿಕ್ಷೆ ಸಣ್ಣದಾಗಿರಲಿ, ಆದರೆ ತಪ್ಪದೆ ಇರಲಿ. ‘ಒಂದು ತಿಂಗಳು ಫೋನ್ ಇಲ್ಲ’ ಅಂದದ್ದು ಮೂರನೇ ದಿನಕ್ಕೆ ಮುರಿಯುತ್ತದೆ. ‘ಇವತ್ತು ರಾತ್ರಿ ಫೋನ್ ನನ್ನ ಕಪಾಟಿನಲ್ಲಿ, ನಾಳೆ ಬೆಳಿಗ್ಗೆ ವಾಪಸ್’ ಅಂದದ್ದು ನಡೆಯುತ್ತದೆ. ಹೊತ್ತಿಗೆ ಸರಿಯಾಗಿ ಬಂದ ದಿನ ಅದನ್ನು ಬಾಯಿಬಿಟ್ಟು ಹೇಳಬೇಕು. ಇದು ನಮ್ಮವರಿಗೆ ಬಹಳ ಕಷ್ಟ. ಬಂದದ್ದು ಅವನ ಕರ್ತವ್ಯ, ಅದಕ್ಕೇನು ಹೊಗಳುವುದು ಅಂತ ಬಿಗಿಯುತ್ತೇವೆ.

ಮೊದಲ ಕೆಲವು ವಾರ ಗಲಾಟೆ ಹೆಚ್ಚೇ ಆಗುತ್ತದೆ. ಇಷ್ಟು ದಿನ ಒದ್ದಾಗ ಸಿಕ್ಕಿದ ಕೀ ಈಗ ಸಿಗದಿದ್ದರೆ ಇನ್ನೂ ಜೋರಾಗಿ ಒದೆಯುತ್ತಾನೆ. ‘ಇದರಿಂದ ಏನೂ ಪ್ರಯೋಜನ ಇಲ್ಲ’ ಅಂತ ಜನ ಕೈಬಿಡುವುದು ಆಗಲೇ. ಅಜ್ಜಿ, ಮಾವ, ಫೋನಿನ ಆಚೆಯ ಅಪ್ಪ ಎಲ್ಲರೂ ಒಂದೇ ಮಾತು ಆಡದಿದ್ದರೂ ಇದು ನಡೆಯುವುದಿಲ್ಲ. ಅಮ್ಮ ಬೇಡ ಅಂದದ್ದಕ್ಕೆ ಶಾರ್ಜಾದಿಂದ ಗೂಗಲ್ ಪೇ ಬಂದರೆ ಮುಗಿಯಿತು.

ಫೋನ್ ಕದ್ದು ನೋಡಬೇಕಾ ಅಂತ ಹಲವರು ಕೇಳುತ್ತಾರೆ. ಸ್ವೀಡನ್‌ನ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ರಲ್ಲಿ ತೋರಿಸಿಕೊಟ್ಟದ್ದು ಇದು: ಮಕ್ಕಳ ಬಗ್ಗೆ ಹೆತ್ತವರಿಗೆ ಗೊತ್ತಿರುವುದರಲ್ಲಿ ಜಾಸ್ತಿ ಪಾಲು ಮಕ್ಕಳೇ ಬಂದು ಹೇಳಿದ್ದು. ಕಾವಲು ಹಾಕಿ ತಿಳಿದದ್ದು ಕಡಿಮೆ. ಹೇಳಿದ ಕೂಡಲೇ ಬೈಗುಳ ಸಿಗುವ ಮನೆಯಲ್ಲಿ ಹೇಳುವುದು ನಿಲ್ಲುತ್ತದೆ. ಮುಖಕ್ಕೆ ಮುಖ ಕೊಟ್ಟು ‘ಕೂತ್ಕೊ, ಮಾತಾಡಬೇಕು’ ಅಂದರೆ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ. ತೋಟಕ್ಕೆ ನೀರು ಬಿಡುವಾಗ, ಮಂಗಳೂರು ಬಸ್ಸಿನಲ್ಲಿ ಪಕ್ಕ ಕೂತಿರುವಾಗ ಮಾತು ತಾನಾಗಿ ಬರುತ್ತದೆ.

ಇನ್ನು ‘ಎಸ್‌ಐ ಹತ್ತಿರ ಕರಕೊಂಡು ಹೋಗಿ ಸ್ವಲ್ಪ ಹೆದರಿಸುವಾ’ ಅನ್ನುವುದು. ಮಕ್ಕಳನ್ನು ಜೈಲಿಗೆ ಕರಕೊಂಡು ಹೋಗಿ ಹೆದರಿಸುವ ಕಾರ್ಯಕ್ರಮಗಳನ್ನು ಅಮೆರಿಕದಲ್ಲಿ ಬಹಳ ಕಾಲ ನಡೆಸಿದರು. ಅವುಗಳ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಹಾಗೆ ಹೆದರಿಸಿಕೊಂಡ ಮಕ್ಕಳು ಏನೂ ಮಾಡದೆ ಬಿಟ್ಟ ಮಕ್ಕಳಿಗಿಂತ ಜಾಸ್ತಿ ಅಪರಾಧಕ್ಕೆ ಬಿದ್ದಿದ್ದರು. ಹೊಡೆತವೂ ಹಾಗೆಯೇ. ಗಲ್ಫ್‌ಗೆ ಕಳಿಸಿಬಿಡುವುದು ನಮ್ಮ ಜಿಲ್ಲೆಯ ಹಳೆಯ ಮದ್ದು. ವಿಚಾರಣೆ ನಡೆಯುತ್ತಿರುವಾಗ ಮಂಡಳಿಗೆ ತಿಳಿಸದೆ ಕಳಿಸಿದರೆ ಜಾಮೀನಿನ ಷರತ್ತು ಮುರಿದ ಹಾಗೆ. ಪುಡಿಯ ಚಟ ಇರುವವನನ್ನು ಅಲ್ಲಿಗೆ ಕಳಿಸುವುದಂತೂ ಇನ್ನೂ ದೊಡ್ಡ ಅಪಾಯ, ಅಲ್ಲಿಯ ಕಾನೂನು ಎಷ್ಟು ಕಠಿಣ ಅಂತ ಗೊತ್ತಲ್ಲ.

ಎಲ್ಲವೂ ಬೆಳೆಸಿದ ರೀತಿಯಿಂದಲೇ ಆಗುವುದೂ ಅಲ್ಲ. ಗಂಡುಹುಡುಗರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಿನ ಬದಲು ಸಿಡುಕಾಗಿ ಕಾಣಿಸುತ್ತದೆ. ಒಂದು ಕಡೆ ಕೂರಲಾಗದ, ಯೋಚಿಸದೆ ನುಗ್ಗುವ ಎಡಿಎಚ್‌ಡಿ, ಓದುವುದರಲ್ಲೇ ಇರುವ ತೊಡಕು, ಇವೆಲ್ಲ ಹತ್ತನೆಯವರೆಗೆ ‘ಪೋಕರಿ’ ಅನ್ನುವ ಹೆಸರಿನ ಅಡಿಯಲ್ಲಿ ಅಡಗಿರುತ್ತವೆ. ಒಮ್ಮೆ ಮನೋವೈದ್ಯರಿಗೆ ತೋರಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಮ್ಮ ತನಗಾಗಿಯೂ ಫೋನ್ ಮಾಡಬಹುದು. ಮಕ್ಕಳ ಸಹಾಯವಾಣಿ 1098.

ಮಗ ಅಮ್ಮನ ಮೇಲೆ ಕೈ ಮಾಡುವ ಮನೆಗಳೂ ಇವೆ. ಯಾರೂ ಹೊರಗೆ ಹೇಳುವುದಿಲ್ಲ. ಅಂಥ ಹೊತ್ತಿನಲ್ಲಿ ಬುದ್ಧಿ ಹೇಳುವುದು, ನಿಯಮ ನೆನಪಿಸುವುದು ಯಾವುದೂ ಬೇಡ. ತಂಗಿ ತಮ್ಮಂದಿರನ್ನು ಕರಕೊಂಡು ಹೊರಗೆ ಬನ್ನಿ. ಕತ್ತಿ, ತೋಟಕ್ಕೆ ತಂದ ವಿಷದ ಬಾಟಲಿ ಮೊದಲೇ ಬೀಗದೊಳಗಿರಲಿ. ಬೇಕಾದರೆ 112ಕ್ಕೆ ಫೋನ್ ಮಾಡಿ. ಹೆತ್ತ ಮಗನ ಮೇಲೆ ಪೊಲೀಸರನ್ನು ಕರೆದೆ ಅನ್ನುವ ಪಾಪಪ್ರಜ್ಞೆ ಇಟ್ಟುಕೊಳ್ಳಬೇಕಾಗಿಲ್ಲ. ಹದಿನೆಂಟರ ಒಳಗೆ ಕರೆದರೆ ಅವನು ಹೋಗುವುದು ಈ ಮಂಡಳಿಯ ಮುಂದೆಯೇ.

ಊರಿಗೆ ಗೊತ್ತಾಗುವುದರ ಬಗ್ಗೆ

ಹುಡುಗನ ಹೆಸರು, ಫೋಟೊ, ಶಾಲೆ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವ ಹಾಗಿಲ್ಲ. ಪತ್ರಿಕೆ, ಟಿವಿ ಮಾತ್ರ ಅಲ್ಲ, ‘ಇತರ ಸಂವಹನ’ವೂ ಇದರಲ್ಲಿ ಸೇರಿದೆ. ಊರಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಫೋಟೊ ಹಾಕಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಯಾರಾದರೂ ಹಾಕಿದರೆ ಜಗಳಕ್ಕೆ ಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ.

ಬಾಲ ನ್ಯಾಯ ಮಂಡಳಿಯಲ್ಲೇ ಮುಗಿದ ಕೇಸು ಮುಂದೆ ಹುಡುಗನಿಗೆ ಯಾವ ಅನರ್ಹತೆಯನ್ನೂ ತರುವುದಿಲ್ಲ. ಮೇಲ್ಮನವಿಯ ಅವಧಿ ಅಥವಾ ನಿಯಮದಲ್ಲಿ ಹೇಳಿದ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ದೊಡ್ಡವರಂತೆ ವಿಚಾರಣೆಯಾಗಿ ಘೋರ ಅಪರಾಧ ಸಾಬೀತಾದವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಮುಗಿದ ಕೇಸಿನ ವಿಷಯವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಹೊರಗೆ ಕೊಡುವ ಹಾಗಿಲ್ಲ. ಅಂತಿಮ ಆದೇಶದ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಟ್ಟುಕೊಳ್ಳಿ. ಕೆಲಸಕ್ಕೋ ಪಾಸ್‌ಪೋರ್ಟಿಗೋ ಅಂತ ಮುಂದೊಮ್ಮೆ ವೆರಿಫಿಕೇಶನ್ ಬಂದಾಗ, ಹಳೆಯ ಕೇಸಿನ ಮಾತು ಯಾರಾದರೂ ಎತ್ತಿದರೆ ತೋರಿಸಲು ಕೈಯಲ್ಲಿರುವುದು ಅದೊಂದೇ.